ಅತ್ತೆಗೆ ಓದಿದ ಅಡುಗೆ

ಯುದ್ಧದ ಕಾಲ. ಅಕ್ಕಿಗೂ ಚೀಟಿ, ಸಕ್ಕರೆಗೂ ಚೀಟಿ. ಆ ವರ್ಷ ಅವರೆಕಾಯಿ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಅತ್ತೆಗೆ ಕಾಮಾಲೆಯಾಯಿತು. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಒಲೆಯ ಮುಂದೆ ನಿಲ್ಲುತ್ತಿದ್ದವರು ಅವರೇ. ಪಂಡಿತರು ಉಪ್ಪು, ಎಣ್ಣೆ, ಖಾರ ಮೂರನ್ನೂ ನಿಲ್ಲಿಸಿ ಗಂಜಿ ಕೊಡಿ ಎಂದರು. ಅತ್ತೆ ಒಂದು ಗುಟುಕು ಕುಡಿದು, "ಇದು ನೂಲಿಗೆ ಹಾಕೋ ಗಂಜಿ ಕಣೇ, ಮಗ್ಗದ ಹತ್ರ ಇಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಐದು ದಿನ ಏನನ್ನೂ ಮುಟ್ಟಲಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದರೆ ಜೀವ ಉಳಿಯುವುದು ಕಷ್ಟ ಎಂದು ಪಂಡಿತರು ಬಾಗಿಲಲ್ಲಿ ನನಗೊಬ್ಬಳಿಗೇ ಹೇಳಿ ಹೋದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು, ಒಗ್ಗರಣೆ ಹಾಕುವ ಅಧಿಕಾರ ಇನ್ನೂ ಸಿಕ್ಕಿರಲಿಲ್ಲ. ಅತ್ತೆಯನ್ನು ಕಂಡರೆ ನನಗೆ ಭಯ. ಅವರಿಲ್ಲದ ಮನೆಯನ್ನು ನೆನೆದರೆ ಇನ್ನೂ ಭಯ.

ನನ್ನ ಗಂಡ ಬೆಂಗಳೂರಿಗೆ ಸೀರೆ ಕೊಟ್ಟು ಬರುವಾಗ ರೈಲಿನಲ್ಲಿ ಯಾರೋ ಬಿಟ್ಟುಹೋದ, ರಟ್ಟಿಲ್ಲದ ಕಾದಂಬರಿಯೊಂದನ್ನು ತಂದಿದ್ದರು. ಓದು ಬಾರದ ಅತ್ತೆಗೆ ಹೊತ್ತು ಹೋಗಲಿ ಎಂದು ಜೋರಾಗಿ ಓದಿದೆ. ಮೊದಲ ಅಧ್ಯಾಯವೇ ಮದುವೆ ಊಟ. ಚಿರೋಟಿಯೊಂದಕ್ಕೇ ಮುಕ್ಕಾಲು ಪುಟ. ಅತ್ತೆ ಈ ಕಡೆ ತಿರುಗಿದರು.

"ಅಷ್ಟು ತುಪ್ಪ ಹಾಕಿದ್ರೆ ಪದರ ನಿಲ್ತದಾ? ಬರೆದೋರು ಒಲೆ ಕಂಡಿಲ್ಲ."

ಬೈಯಲು ಬಾಯಿ ತೆರೆದಿದ್ದರಲ್ಲ, ಒಂದು ಚಮಚ ಗಂಜಿ ಹಾಕಿದೆ. ನುಂಗಿದರು. ಹಾಲುಖೀರಿಗೆ ಇನ್ನೊಂದು ಚಮಚ, ಪುಳಿಯೋಗರೆಗೆ ಮತ್ತೆರಡು. ಲೇಖಕರು ಅಡುಗೆಯಲ್ಲಿ ತಪ್ಪಿದಷ್ಟೂ ನಮಗೆ ಲಾಭ.

ಮೂರನೆಯ ಅಧ್ಯಾಯಕ್ಕೆ ನಾಯಕಿಯ ಮನೆ ದಿವಾಳಿಯಾಯಿತು. ಅಲ್ಲಿಂದ ಐವತ್ತು ಪುಟ ಅವಳು ಅತ್ತಳು. ಊಟದ ಸುದ್ದಿಯೇ ಇಲ್ಲ.

"ಇವತ್ತೂ ಆ ಮನೇಲಿ ಒಲೆ ಹಚ್ಚಲಿಲ್ವಾ?" ಎಂದು ಅತ್ತೆ ಬಾಯಿ ಮುಚ್ಚಿಕೊಂಡರು.

ಮರುದಿನದಿಂದ ಪುಸ್ತಕದಲ್ಲಿಲ್ಲದ ಆ ಒಲೆಯನ್ನು ಓದುವ ನೆಪದಲ್ಲಿ ನಾನೇ ಹಚ್ಚಿದೆ. ಅಳುವುದನ್ನು ನಿಲ್ಲಿಸುವಷ್ಟು ಅಧಿಕಾರ ನನಗಿರಲಿಲ್ಲ. ಅಳುತ್ತಲೇ ಉಪ್ಪಿಟ್ಟು ಮಾಡಿಸಿದೆ. ಗಂಡನ ಪತ್ರ ಬಂದು ಅವಳು ಮೂರ್ಛೆ ಹೋದ ದಿನ, ಎಚ್ಚರಗೊಳಿಸಿ ಬಸ್ಸಾರು ಮಾಡಿಸಿದೆ. ಎಂಟು ದಿನಕ್ಕೆ ನನಗೆ ಗೊತ್ತಿದ್ದ ಅಡುಗೆಯೆಲ್ಲ ತೀರಿತು. ಒಂಬತ್ತನೆಯ ದಿನ ಉಳಿದಿದ್ದು ಹಿತಕಿದ ಬೇಳೆ ಸಾರು ಮಾತ್ರ.

ಆ ಸಾರು ಮಾಡುವಾಗ ಅತ್ತೆ ನನ್ನನ್ನು ನೀರಿಗೆ ಕಳಿಸಿಬಿಡುತ್ತಿದ್ದರು. ಒಂದು ಸಲ ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದೆ. ಈಗ ಅದನ್ನೇ ಓದುವ ದನಿಯಲ್ಲಿ ಹೇಳಿಕೊಂಡು ಹೋದೆ: ಅವಳು ಬೇಳೆ ಹಿತುಕಿದಳು, ಮಸಾಲೆ ರುಬ್ಬಿ ಕುದಿಯಲಿಟ್ಟಳು, ಸೊಗಡು ಇಳಿಯಲೆಂದು ಅವರೆಕಾಯಿಯ ಹಸಿ ಸಿಪ್ಪೆ ನಾಲ್ಕನ್ನು ಅದಕ್ಕೆ ಹಾಕಿದಳು...

ಅಷ್ಟು ಹೇಳಿ ಓದು ನಿಲ್ಲಿಸಿಬಿಟ್ಟೆ. ಸಿಪ್ಪೆಯ ವಿಷಯ ಅತ್ತೆಯನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಕೈ ಚಾಚಿ ಪುಸ್ತಕ ಇಸಿದುಕೊಂಡರು. ಆ ಪುಟದ ಮೇಲೆ ಬೆರಳಾಡಿಸಿದರು. ನನಗೆ ಅಳು ಬಂತು, ತಡೆಯಲಾಗಲಿಲ್ಲ.

"ನಾಲ್ಕಲ್ಲ, ಆರು," ಎಂದರು. "ಒಂದು ಕುದಿ ಬಂದ ತಕ್ಷಣ ತೆಗೀಬೇಕು, ಇಲ್ಲಾಂದ್ರೆ ಕಹಿಯಾಗ್ತದೆ. ಕದ್ದು ನೋಡಿನೂ ಸರಿಯಾಗಿ ನೋಡಿಲ್ಲ."

ಬಟ್ಟಲನ್ನು ತಾವೇ ತೆಗೆದುಕೊಂಡು ಗಂಜಿಯನ್ನು ಪೂರ್ತಿ ಕುಡಿದರು.

"ನಾಳೆ ನನ್ನ ಚಾಪೇನ ಅಡುಗೆಮನೆ ಬಾಗ್ಲಿಗೆ ಹಾಕು. ನಾನು ಕೂತ್ಕೊಂಡು ಹೇಳ್ತೀನಿ, ನೀನು ಮಾಡು."

ಆ ಕಾದಂಬರಿ ಹೇಗೆ ಮುಗಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.