ಫ್ರಾನ್ಸ್ ಕ್ಲಸ್ಟರಿನ ಝುಬೈದಾ ಟೀಚರ್

ಬೆಳಿಗ್ಗೆಯಿಂದ ನಮ್ಮ ಮಹಡಿಯಲ್ಲೆಲ್ಲ ಹೊಸ ಪೇಂಟಿನ ವಾಸನೆ. ಎದುರಿನ ಫ್ಲ್ಯಾಟಿಗೆ ಮತ್ತೆ ಯಾರೋ ಬರುವವರಿದ್ದಾರೆ. ಯಾರೇ ಬರಲಿ, ನನಗದು ಝುಬೈದಾ ಟೀಚರ್ ಮನೆ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕಟ್ಟಡಗಳ ಗುಂಪಿಗೆ ದೇಶಗಳ ಹೆಸರಿಟ್ಟಿದ್ದಾರೆ, ನಮ್ಮದು ಫ್ರಾನ್ಸ್. ಆ ಇಡೀ ಫ್ರಾನ್ಸಿನಲ್ಲಿ, ನನಗೆ ತಿಳಿದಂತೆ, ಫ್ರೆಂಚ್ ಬರುತ್ತಿದ್ದದ್ದು ಉಳ್ಳಾಲದ ಈ ಬ್ಯಾರಿ ಹೆಂಗಸಿಗೆ ಮಾತ್ರ. ಶಾಲೆಯೊಂದರಲ್ಲಿ ಅದನ್ನೇ ಕಲಿಸುತ್ತಿದ್ದರು.

ಶನಿವಾರ ಸಂಜೆ ಅವರ ಮನೆಯಲ್ಲಿ ನಾವು ಏಳೆಂಟು ಹೆಂಗಸರು ಸೇರುತ್ತಿದ್ದೆವು. ಮಾತು ಅವರದು, ವಾದ ಉಳಿದವರದು, ತಲೆಯಾಡಿಸುವ ಕೆಲಸ ನನ್ನದು. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಟೀಚರಿಗೆ ಮೆಚ್ಚಿನದೆಂದರೆ ಇನ್ನೂರು ವರ್ಷ ಹಿಂದಿನ ಫ್ರೆಂಚ್ ಲೇಖಕಿಯೊಬ್ಬಳ ಕತೆ. ಅವಳ ಮಾತು, ಬರಹ ಸಹಿಸಲಾರದೆ ಚಕ್ರವರ್ತಿಯೇ ಅವಳನ್ನು ಪ್ಯಾರಿಸ್ಸಿನಿಂದ ಹೊರಗಟ್ಟಿದನಂತೆ. ಅವಳು ಸರೋವರದ ದಡದಲ್ಲಿದ್ದ ಅಪ್ಪನ ಮನೆ ಸೇರಿದಳು.

"ಅಷ್ಟು ಚಂದದ ಜಾಗ. ಆದ್ರೂ ಅವಳಿಗೆ ಪ್ಯಾರಿಸ್ಸಿನ ಗಲಾಟೆಯೇ ಬೇಕಿತ್ತು. ಮಾತಿಗೆ ಜನ ಬೇಕು ಮಾರಾಯ್ರೆ, ನೀರು ನೋಡಿಕೊಂಡು ಎಷ್ಟು ದಿನ ಕೂರುದು?" ಎನ್ನುತ್ತಿದ್ದರು ಟೀಚರ್.

ಹೋದ ವರ್ಷ ಅವರ ಗಂಡನಿಗೆ ದುಬೈಯಿಂದ ಒಂದೂವರೆ ಗಂಟೆ ದಾರಿಯ ಅಲ್ ಐನ್‌ಗೆ ವರ್ಗವಾಯಿತು. ಟೀಚರ್ ಕೆಲಸ ಬಿಟ್ಟು ಹೋದರು. ಮೊದಮೊದಲು ದಿನವೂ ಫೋನ್ ಮಾಡುತ್ತಿದ್ದರು. ಒಮ್ಮೆ, "ಇಲ್ಲಿ ಎಲ್ಲ ಉಂಟು. ಖರ್ಜೂರದ ತೋಟ ಉಂಟು, ದೊಡ್ಡ ಮನೆ ಉಂಟು. ಬಾಯಿಗೆ ಮಾತ್ರ ಕೆಲಸ ಇಲ್ಲ," ಎಂದು ನಕ್ಕರು. ಆ ನಗು ಯಾಕೋ ಸರಿಯಿರಲಿಲ್ಲ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಮೆಸೇಜ್ ಕಳಿಸಿದರೆ ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ. ಗಂಟೆಗಟ್ಟಲೆ ಮಾತಾಡುತ್ತಿದ್ದವರ ಆ ಹೆಬ್ಬೆರಳು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಕಳೆದ ತಿಂಗಳು ತಡೆಯಲಾರದೆ ಗಂಡನನ್ನು ಹೊರಡಿಸಿಕೊಂಡು ಅಲ್ ಐನ್‌ಗೆ ಹೋದೆ. ಹೇಳಬೇಕಾದ ಸಮಾಧಾನವನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅವರ ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿಗಳು. ಇಷ್ಟು ಜನ ಸೇರಬೇಕಾದರೆ ಏನಾಗಿರಬೇಕು?

ಅಷ್ಟರಲ್ಲಿ ಒಳಗಿನಿಂದ ಯಾರೋ ಜೋರಾಗಿ, "ಬಾಯಿ ಮುಚ್ಚಿಕೊಂಡಿದ್ರೆ ಅವಳು ಪ್ಯಾರಿಸ್ಸಿನಲ್ಲೇ ಆರಾಮ ಇರ್ಬಹುದಿತ್ತಲ್ಲ ಟೀಚರ್?" ಎಂದರು.

"ಇರ್ಬಹುದಿತ್ತು. ಆದ್ರೆ ಅವಳು ಅವಳಾಗಿ ಇರ್ತಿರ್ಲಿಲ್ಲ." ಅದೇ ಹಳೆಯ ಗಂಟಲು.

ನಾನು ಆ ಚಪ್ಪಲಿಗಳ ನಡುವೆ ನನ್ನದನ್ನೂ ಬಿಟ್ಟೆ. ಒಳಗೆ ಊರಿನ ಕಡೆಯ ನರ್ಸುಗಳು, ಇಬ್ಬರು ಶಿಕ್ಷಕಿಯರು, ಅವರ ನಡುವೆ ಟೀಚರ್.

"ಫೋನ್ ಎತ್ಲಿಲ್ಲ ಅಂತ ಬೈಬೇಡ ಮಾರಾಯ್ತಿ," ಎಂದು ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. "ಸುರುವಿಗೆ ಮನಸ್ಸಿರ್ಲಿಲ್ಲ. ಈಗ ಪುರ್ಸೊತ್ತಿಲ್ಲ."

ನಾಡಿದ್ದು ಶನಿವಾರ ಅಲ್ ಐನ್‌ನ ಆ ಕೂಟದಲ್ಲಿ ನಾನು ಮಾತಾಡಬೇಕಂತೆ, ಟೀಚರ ಅಪ್ಪಣೆ. ಊರು ಬಿಟ್ಟು ಹೋಗುವಾಗ ಆ ಲೇಖಕಿ ಹೆದರಿದ್ದಳೇ, ಇದು ನನಗೆ ಕೊಟ್ಟ ವಿಷಯ. ಹೆದರಿದ್ದಳು ಎನ್ನುವವಳಿದ್ದೇನೆ. ಹೆದರಿರಲಿಲ್ಲವೆಂದು ಟೀಚರ್ ವಾದಿಸಿದರೂ ಈ ಸಲ ತಲೆಯಾಡಿಸುವುದಿಲ್ಲ.