ಮಸಿಯ ಮನೆಗೆ ಕುಂಕುಮ

ನನ್ನ ಮೊಮ್ಮಗಳು ಹೈದರಾಬಾದಿನ ಒಂದು ಕಾಲೇಜಿನಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಾಳೆ. ನಾನು ಓದಿದ್ದು ನಾಲ್ಕಕ್ಷರ. ಆದರೂ ಅವಳ ವಿಷಯ ಬಂದರೆ ನನಗೆ ಹೇಳದೆ ಇರಲಾಗದು. ಹಾಲಿನವನಿಗೂ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಕೌತಾಳದ ಹೆಂಗಸಿಗೂ ಹೇಳಿದ್ದೇನೆ. ಈಗ ಬರೆದೂ ಇಡುತ್ತೇನೆ.

ಈ ಸಲ ರಜೆಗೆ ಬಂದಾಗ ಅವಳಿಗೊಂದು ಕೆಲಸವಿತ್ತು. ಊರಿನ ಹಳೇ ಕಟ್ಟಡವೊಂದನ್ನು ಬರೀ ಪೆನ್ನು, ಕರಿ ಮಸಿಯಲ್ಲಿ ಬರೆದು ಒಯ್ಯಬೇಕು. ಚೆನ್ನಾಗಿದ್ದರೆ ಕಾಲೇಜಿನ ಪ್ರದರ್ಶನದಲ್ಲಿ ಗೋಡೆಗೆ ಹಾಕುತ್ತಾರೆ. ಹೋದ ವರ್ಷ ಅವಳದನ್ನು ಹಾಕಿರಲಿಲ್ಲ. ಅವಳ ಆ ನೋವು ನನಗೆ ಗೊತ್ತಿತ್ತು.

ಅವಳು ಆರಿಸಿದ್ದು ನಮ್ಮೂರು ಆದೋನಿಯ ಬಜಾರಿನಲ್ಲಿರುವ ಹತ್ತಿ ಸಾಹುಕಾರರ ಮನೆ. ಮೇಲೆ ಕಟ್ಟಿಗೆ ಕಂಬಗಳ ಪಡಸಾಲೆ, ಕೆಳಗೆ ಎತ್ತರದ ಕಟ್ಟೆ. ಎದುರಿನ ಬೀಗದ ಅಂಗಡಿಯ ನೆರಳಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಾನು. ಮಸಿಯ ಗೆರೆ ಒಮ್ಮೆ ಬಿದ್ದರೆ ಅಳಿಸಲು ಬರುವುದಿಲ್ಲವಂತೆ. ನೆರಳು ಬೇಕಾದ ಕಡೆ ಸಣ್ಣ ಗೆರೆಗಳನ್ನು ಒತ್ತಾಗಿ ಎಳೆಯುತ್ತಾಳೆ, ಬಿಸಿಲು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡುತ್ತಾಳೆ. ಕಟ್ಟೆಯ ಬಿರುಕೂ ಬಂತು. ಹಾದುಹೋಗುವವರು ಬಗ್ಗಿ ನೋಡಿದರೆ, ನನ್ನ ಮೊಮ್ಮಗಳು, ಅನ್ನುತ್ತಿದ್ದೆ. ಸುಮ್ಮನಿರಜ್ಜಿ ಎಂದು ಮೊಣಕೈಯಿಂದ ತಿವಿದಳು.

ಕೆಲಸ ಮುಗಿದ ದಿನ ಆ ಮನೆಯ ಹಿರಿಯಮ್ಮನಿಗೆ ತೋರಿಸಲು ಒಳಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತೊಲೆ, ಕಿಟಕಿ ಎಲ್ಲ ಸರಿ ಅಂದರು. ಆಮೇಲೆ ಅವರ ಬೆರಳು ಬಾಗಿಲ ಹತ್ತಿರ ನಿಂತಿತು.

"ಹೊಸ್ತಿಲ ಯಾಕ ಬರಿದಾಗಿ ಐತಿ ತಂಗಿ? ನನ್ನ ಮನ್ಯಾಗ ಯಾರರ ಸತ್ತಾರೇನು?"

ನಮ್ಮ ಕಡೆ ದಿನಾ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುತ್ತಾರೆ, ಸೂತಕದ ಮನೆಯ ಹೊಸ್ತಿಲಿಗಷ್ಟೇ ಬೀಳುವುದಿಲ್ಲ. ಇದು ಬರೀ ಕರಿ ಮಸಿಯ ಚಿತ್ರ, ಬಣ್ಣ ಹಾಕುವಂತಿಲ್ಲ ಎಂದು ಮೊಮ್ಮಗಳು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ತಿಳಿಸಿ ಹೇಳಿದಳು. ಹಿರಿಯಮ್ಮ ತಲೆಯಾಡಿಸಿ ದೇವರಮನೆಗೆ ಹೋದರು. ಬಂದವರೇ ಒದ್ದೆ ಬೆರಳಿನಿಂದ ಚಿತ್ರದ ಹೊಸ್ತಿಲಿಗೆ ಅರಿಷಿಣ ಎಳೆದು, ಮೇಲೆ ಕುಂಕುಮದ ಬೊಟ್ಟು ಇಟ್ಟರು. ಮಸಿ ಚೂರು ಕದಡಿತು.

"ಈಗ ಒಯ್ಯಿ. ಬರೇ ಹೊಸ್ತಿಲ ಇಟಗೊಂಡು ನನ್ನ ಮನಿ ಊರು ದಾಟಬಾರದು."

ಮೊಮ್ಮಗಳ ಮುಖ ಬಿಳಿಚಿಕೊಂಡಿತು. ಮನೆಗೆ ಬಂದು ಚಿತ್ರವನ್ನು ಗೋಡೆಗೆ ಆನಿಸಿ ನೋಡುತ್ತ ಕೂತಳು. ಇನ್ನೊಂದು ಬರೆಯಲು ರಜೆ ಉಳಿದಿದೆಯಲ್ಲ ಅಂದೆ.

"ಬ್ಯಾಡಜ್ಜಿ. ಇನ್ನೊಂದು ಬರದರ ಅಮ್ಮಾರು ಅದಕ್ಕೂ ಹಚ್ಚತಾರ." ಅನ್ನುತ್ತ ನಕ್ಕುಬಿಟ್ಟಳು. "ಇದನ್ನ ಒಯ್ತೀನಿ. ಹಾಕಿದರ ಹಾಕ್ಲಿ, ಬಿಟ್ಟರ ಬಿಡ್ಲಿ."

ಹಾಕಿದರು. ಗೋಡೆಯ ನಟ್ಟನಡುವೆ ಹಾಕಿದರು. ವಿಡಿಯೋ ಕಾಲಿನಲ್ಲಿ ತೋರಿಸಿದಳು. ಬಣ್ಣ ಯಾರು ಹಚ್ಚಿದ್ದು ಎಂದು ಮೇಷ್ಟ್ರು ಕೇಳಿದರಂತೆ. ಆ ಮನೆಯವರೇ ಎಂದು ತಿಳಿದ ಮೇಲೆ ಚಿತ್ರದ ಕೆಳಗಿನ ಚೀಟಿಯಲ್ಲಿ ಅದನ್ನೂ ಬರೆಸಿದರಂತೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳಿಂದ ಫೋಟೋ ಕಳಿಸಿಕೊಂಡು, ಒಲೆಯ ಮೇಲಿನ ಸಾರು ಇಳಿಸಿ, ಫೋನು ಹಿಡಿದು ಬಜಾರಿಗೆ ನಡೆದೆ. ಹಿರಿಯಮ್ಮ ಕಟ್ಟೆಯ ಮೇಲೇ ಕೂತಿದ್ದರು. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇವತ್ತಿಂದು ಹಚ್ಚಿಲ್ಲಲ್ಲ," ಅಂದರು.

ಎದ್ದು ಅರಿಷಿಣ ತಂದರು. ನಾನು ತಡೆಯಲಿಲ್ಲ. ಫೋನಿನ ಗಾಜು ಇನ್ನೂ ಹಳದಿಯಾಗಿದೆ. ಏನಿದು ಎಂದು ಯಾರಾದರೂ ಕೇಳಿದರೆ ಮೊದಲಿಂದ ಹೇಳುತ್ತೇನೆ.