ಗುಮ್ಮಟದ ಕೆಳಗಿನ ದೇವಾಲಯ

ವಸಂತ್ ಕುಂಜ್‌ನ ನಮ್ಮ ಮನೆಯಿಂದ ಆಟೋದಲ್ಲಿ ಸ್ವಲ್ಪ ದೂರ ಹೋದರೆ ನಮ್ಮ ದೇವಾಲಯ. ಹೊರಗಿನವರ ಕಣ್ಣಿಗೆ ಅದು ದಿಲ್ಲಿಯ ತುಂಬ ಕಾಣುವ ಹಳೆಯ ಗುಮ್ಮಟಗಳಲ್ಲಿ ಒಂದು. ಸುಲ್ತಾನರ ಕಾಲದ್ದಂತೆ. ಯಾರು ಕಟ್ಟಿಸಿದರೋ, ಯಾಕೆ ಕಟ್ಟಿಸಿದರೋ, ಒಳಗೆ ಗೋರಿ ಕೂಡ ಇಲ್ಲ. ಬ್ರಿಟಿಷರ ಕಾಲದಲ್ಲಿ ಒಬ್ಬ ಪಾದ್ರಿ ಅದರೊಳಗೆ ಬೆಂಚು ಹಾಕಿಸಿ, ಮುಂದಕ್ಕೆ ಇಟ್ಟಿಗೆಯ ಮುಖಮಂಟಪ ಕಟ್ಟಿಸಿ, ಅದರ ಮೇಲೆ ಶಿಲುಬೆ ಇಡಿಸಿದರಂತೆ. ಅಂದಿನಿಂದ ಅಲ್ಲಿ ಆರಾಧನೆ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ, ತಿಂಗಳಿಗೊಂದು ಮಧ್ಯಾಹ್ನ, ಕರ್ನಾಟಕದಿಂದ ಬಂದ ನಾವು ಕೆಲವರು ಸೇರಿ, ಕನ್ನಡದಲ್ಲಿ.

ಆ ವರ್ಷ ಊರೆಲ್ಲ ಅಗೆತ. ಕ್ರೀಡಾಕೂಟ ಬರುವುದಿತ್ತು, ರಸ್ತೆ ಅಗಲವಾಗಬೇಕಿತ್ತು. ಯಾವ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬೀಳುತ್ತದೋ ಆ ಗೋಡೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಾರುಕಟ್ಟೆಯ ಅರ್ಧ ಸಾಲು ಆಗಲೇ ಹೋಗಿತ್ತು.

ಒಂದು ಶನಿವಾರ ನಾನು ಗುಮ್ಮಟದ ಹಿಂದೆ ಜಮಖಾನೆ ಕೊಡವುತ್ತಿದ್ದೆ. ಹಿಂದಿನ ಓಣಿಯಿಂದ ಒಬ್ಬ ಎಂಜಿನಿಯರ್ ಬಂದ. ಜೊತೆಯಲ್ಲಿ ಟೇಪು ಹಿಡಿದವನೊಬ್ಬ, ಬಣ್ಣದ ಡಬ್ಬಿ ಹಿಡಿದವನೊಬ್ಬ. ಆ ಕಡೆಯಿಂದ ನೋಡಿದರೆ ಗುಮ್ಮಟ ಮಾತ್ರ ಕಾಣುತ್ತದೆ, ಮುಂದಿನ ಶಿಲುಬೆ ಕಾಣುವುದಿಲ್ಲ. ಒಳಗೆ ಏನಿದೆ ಎಂದು ಆತ ಹಿಂದಿಯಲ್ಲಿ ಕೇಳಿದ. ಬ್ರಶ್ಶನ್ನು ಆಗಲೇ ಡಬ್ಬಿಯಲ್ಲಿ ಅದ್ದಿಯಾಗಿತ್ತು. ನನ್ನ ಹಿಂದಿ ತರಕಾರಿಯ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟರದ್ದು. ದೊಡ್ಡವರ ಮುಂದೆ ಶುದ್ಧ ಹಿಂದಿ ಬೇಕಾದಾಗ ಕನ್ನಡದ ಸಂಸ್ಕೃತ ಪದಕ್ಕೆ ಒಂದು 'ಹೈ' ಅಂಟಿಸಿಬಿಡುತ್ತಿದ್ದೆ. ಹಾಗೇ ಅಂದೆ: "ಹಮಾರಾ ದೇವಾಲಯ ಹೈ. ಬಹುತ್ ಪುರಾನಾ."

ಆತ ಚಪ್ಪಲಿ ಕಳಚಿ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಬ್ರಶ್ಶಿನವನಿಗೆ ಬೇಡವೆಂದು ಕೈಯಾಡಿಸಿದ. ಮೂವರೂ ಹೊರಟುಹೋದರು. ನಾನು ಅಲ್ಲೇ ನಿಂತು ಕರ್ತನಿಗೆ ಸ್ತೋತ್ರ ಹೇಳಿದೆ.

ಮನೆಗೆ ಬಂದು ಖುಷಿಯಿಂದ ಹೇಳಿದರೆ, ದಿಲ್ಲಿಯಲ್ಲೇ ಬೆಳೆದ ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಅಮ್ಮಾ, ದೇವಾಲಯ ಮತ್ಲಬ್ ಮಂದಿರ್. ಚರ್ಚ್‌ಗೆ ಹಾಗನ್ನೋದು ನಿಮ್ಮ ಕನ್ನಡ ಸಭೆಯವರು ಮಾತ್ರ. ಆ ಎಂಜಿನಿಯರ್ ಅಂಕಲ್‌ಗೆ ನೀನು ಮಂದಿರ್ ಅಂತ ಬೋಲ್ ದಿಯಾ."

ಹುಟ್ಟಿದಾಗಿನಿಂದ ಧಾರವಾಡದಲ್ಲಿ ಪ್ರತಿ ಭಾನುವಾರ ದೇವಾಲಯಕ್ಕೆ ಹೋದವಳು ನಾನು. ಆ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ಆ ಗಳಿಗೆಯಲ್ಲಿ ಹೊಳೆದೇ ಇರಲಿಲ್ಲ.

ನಮ್ಮ ಕನ್ನಡ ಸಭೆಯ ಹಿರಿಯರು ಒಬ್ಬ ನಿವೃತ್ತ ಪ್ರೊಫೆಸರ್. ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ನೀವೇನೂ ಸುಳ್ಳು ಹೇಳಿಲ್ಲವಲ್ಲಮ್ಮಾ. ಅವನು ತಪ್ಪು ತಿಳ್ಕೊಂಡ. ಮಂದಿರ ಅಂದ್ರೆ ಈ ಊರಲ್ಲಿ ಯಾರೂ ಕೈ ಹಚ್ಚೋದಿಲ್ಲ. ಇದ್ದುಬಿಡಲಿ," ಎಂದರು.

ಬೇಳೆ ಬೇಯಿಸುತ್ತಾ ಯೋಚಿಸಿದೆ. ಸುಮ್ಮನಿದ್ದರೆ ಗುಮ್ಮಟ ಉಳಿಯುತ್ತದೆ. ಬಾಯಿಬಿಟ್ಟರೆ ಹೋಗಬಹುದು. ಆದರೆ ದೇವರ ಮನೆಯನ್ನು ಬೇರೇನೋ ಎಂದು ನಂಬಲು ಬಿಟ್ಟು ಉಳಿಸಿಕೊಂಡು, ಅದೇ ಮನೆಯೊಳಗೆ ಮೊಣಕಾಲೂರಿ ಏನೆಂದು ಬೇಡಿಕೊಳ್ಳಲಿ?

ಸೋಮವಾರ ಬೆಳಿಗ್ಗೆ ನಾನು ಗುಮ್ಮಟದ ಹಿಂದೆ ಕಾದಿದ್ದೆ, ಎಂಜಿನಿಯರ್ ಅದೇ ಓಣಿಯಿಂದ ಮತ್ತೆ ಬಂದ. ಅವನ ಹಿಂದೆ ಮಾರುಕಟ್ಟೆಯ ಇಬ್ಬರು ಅಂಗಡಿಯವರು. ವಯಸ್ಸಾದವನ ಕೈಯಲ್ಲಿ ಗೊಂಡೆಹೂವಿನ ಹಾರ. ಪುರಾತನ ಮಂದಿರ ಸಿಕ್ಕಿದೆ ಎಂಬ ಸುದ್ದಿ ಚಹಾದಂಗಡಿಯಲ್ಲಿ ಹಬ್ಬಿಬಿಟ್ಟಿತ್ತು. ಅದನ್ನು ಕೇಳಿ ಹಿರಿಯರೂ ಬಂದಿದ್ದರು. "ಸುಮ್ಮನಿರಿ," ಎಂದು ಕನ್ನಡದಲ್ಲಿ, ನನ್ನ ಕಡೆ ನೋಡದೆ ಅಂದರು.

ಆದರೂ ನಾನು ಬಂದಷ್ಟು ಹಿಂದಿಯಲ್ಲಿ ಹೇಳಿದೆ. ನಮ್ಮ ಭಾಷೆಯಲ್ಲಿ ಚರ್ಚಿಗೂ ದೇವಾಲಯ ಎನ್ನುತ್ತೇವೆ, ಇದು ಗಿರ್ಜಾ, ಇಲ್ಲಿ ಮೂರ್ತಿ ಇಲ್ಲ, ಯೇಸುವಿನ ಹೆಸರಲ್ಲಿ ಪ್ರಾರ್ಥನೆ ಮಾಡುತ್ತೇವೆ.

ಕಿರಿಯ ಅಂಗಡಿಯವನು, "ಕಲ್ ಮಂದಿರ್, ಆಜ್ ಗಿರ್ಜಾ. ಪರ್‌ಸೋಂ ಕ್ಯಾ ಬೋಲೋಗೀ, ಮಾತಾಜಿ?" ಎಂದ; ನಿನ್ನೆ ಮಂದಿರ, ಇವತ್ತು ಚರ್ಚು, ನಾಳಿದ್ದು ಇನ್ನೇನು ಹೇಳುತ್ತೀಯೋ ಎಂಬ ಅಣಕ. ಎಂಜಿನಿಯರನ ಮುಖ ಕೆಂಪೇರಿತ್ತು. ರಸ್ತೆಯನ್ನು ಸ್ವಲ್ಪ ಆಚೆ ತಿರುಗಿಸಬೇಕೆಂದು ತನ್ನ ಸಾಹೇಬರಿಗೆ ಹೇಳಿ ಬಂದಿದ್ದನಂತೆ. ಹಾರ ಹಿಡಿದ ಮುದುಕ ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದ. ಕೊನೆಗೆ ನನ್ನ ಮುಂದೆ ಚಾಚಿದ. ದೇವರಿಗೆಂದು ತಂದದ್ದನ್ನು ವಾಪಸ್ ಒಯ್ಯುವುದಿಲ್ಲ, ನಿಮ್ಮ ದೇವರಿಗೇ ಕೊಡಿ ಎಂದು ಹೇಳಿ ಕಿರಿಯವನನ್ನು ರಟ್ಟೆ ಹಿಡಿದು ಕರೆದುಕೊಂಡು ಹೋದ. ಅದೊಂದು ಉಪಕಾರ, ಇವತ್ತಿಗೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಎಂಜಿನಿಯರ್ ಮೊದಲ ಬಾರಿಗೆ ಒಳಗೆ ಕಾಲಿಟ್ಟ. ತಲೆಯೆತ್ತಿ ಗುಮ್ಮಟವನ್ನು ನೋಡುತ್ತಾ ನಿಂತ. ಗೋಡೆಯ ದಪ್ಪವನ್ನು ಬಾಗಿಲಲ್ಲಿ ಅಳೆಸಿದ. ಹೊರಗೆ ಬಂದಾಗ ಸಿಟ್ಟು ಹಾಗೇ ಇತ್ತು, ದನಿ ಮಾತ್ರ ಇಳಿದಿತ್ತು. ಗುಮ್ಮಟ ಅಷ್ಟು ಹಳೆಯದಾದರೆ ಪುರಾತತ್ವದವರನ್ನು ಕೇಳದೆ ಮುಟ್ಟುವಂತಿಲ್ಲ. ಮುಂದಿನ ಮಂಟಪ ಹಳೆಯದಲ್ಲ, ರಸ್ತೆಯಲ್ಲಿ ಬರುತ್ತದೆ ಎಂದ. ಬ್ರಶ್ಶು ಮುಖಮಂಟಪದ ಎರಡೂ ಕಂಬಗಳ ಮೇಲೆ ಕೆಂಪು ಗೆರೆ ಎಳೆಯಿತು. ನಮ್ಮವರು ಕಟ್ಟಿದ್ದು ಅಷ್ಟೇ, ಅದಕ್ಕೇ ಗುರುತು ಬಿತ್ತು. ಹಿರಿಯರು ನನ್ನೊಡನೆ ಮಾತು ಬಿಟ್ಟರು.

ಕೆಡವುವ ದಿನ ಶಿಲುಬೆಯನ್ನು ಮೊದಲೇ ಇಳಿಸಿ ಒಳಗಿಟ್ಟಿದ್ದೆವು. ಹೆದರಿಕೆ ಬೇರೆಯದಿತ್ತು. ಮಂಟಪದ ಇಟ್ಟಿಗೆಗಳನ್ನು ಗುಮ್ಮಟದ ಕಲ್ಲಿನೊಳಕ್ಕೇ ಕಚ್ಚಿಸಿ ಕಟ್ಟಿದ್ದರು. ಇದನ್ನು ಎಳೆದರೆ ಅದೂ ಜೊತೆಗೆ ಬಂದರೆ? ಬುಲ್ಡೋಜರ್ ಒಮ್ಮೆ ತಾಗಿತು, ಹಿಂದೆ ಸರಿಯಿತು, ಮತ್ತೆ ತಾಗಿತು. ಒಳಗಿನಿಂದ ಗಾರೆ ಉದುರುವ ಸದ್ದು ಕೇಳಿಸಿತು. ನನ್ನ ಬಾಯಲ್ಲಿ ಕೀರ್ತನೆಯ ಸಾಲು ಅರ್ಧಕ್ಕೇ ನಿಂತಿತು. ಮಂಟಪ ಒಂದೇ ಸಲ ಕುಸಿದು ಧೂಳು ಮೇಲೆದ್ದಿತು, ಏನೂ ಕಾಣಿಸದಷ್ಟು.

ಧೂಳು ತಗ್ಗುವವರೆಗೆ ಯಾರೂ ಹತ್ತಿರ ಹೋಗಲಿಲ್ಲ. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಪಕ್ಕಕ್ಕೆ ಬಂದು, "ಗುಮ್ಮಟ ನಿಂತಿದೆಯಮ್ಮಾ," ಎಂದರು.

ನಾನು ಸೆರಗು ಸಿಕ್ಕಿಸಿಕೊಂಡು ಪೊರಕೆ ಹುಡುಕಲು ಹೋದೆ. ಭಾನುವಾರದೊಳಗೆ ಬೆಂಚುಗಳ ಮೇಲಿನ ಗಾರೆಯನ್ನೆಲ್ಲ ತೆಗೆಯಬೇಕಿತ್ತು.